ಬೆಂಗಳೂರಿನ ಹೊರವಲಯದಲ್ಲಿ ಮುಖಗವುಸು

೧

ಬೆಂಗಳೂರು ನಗರದ ಹೊರಸುತ್ತಿನಲ್ಲಿ ಮೂರು ದೊಡ್ಡ ದುಡಿಮೆಯ ನೆಲೆಗಳಿರುವುವು: ವಾಯವ್ಯದಲ್ಲಿ ಪೀಣ್ಯ, ಪೂರ್ವದಲ್ಲಿ ವೈಟ್‌ಫೀಲ್ಡ್, ಆಗ್ನೇಯದಲ್ಲಿ ಎಲೆಕ್ಟ್ರಾನಿಕ್ ಸಿಟಿ. ಇವುಗಳ ಹುಟ್ಟು ಒಂದೊಂದರದು ಒಂದೊಂದು ಬಗೆ. ವೈಟ್‌ಫೀಲ್ಡ್ ೧೮೮೨ನೆಯ ಇಸವಿಯಲ್ಲಿ ಹತ್ತನೆಯ ಚಾಮರಾಜ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ದಯಪಾಲಿಸಿದ ೩,೯೦೦ ಎಕರೆ ಭೂಮಿಯಲ್ಲಿ ಬೇಸಾಯಗಾರರ ಊರಾಗಿ ಹುಟ್ಟಿತು. ಎಲೆಕ್ಟ್ರಾನಿಕ್ ಸಿಟಿಯು ಆರ್. ಕೆ. ಬಾಳಿಗರವರ ದೂರದೃಷ್ಟಿಯ ಫಲ. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆಯಲ್ಲಿ ಅದಕ್ಕೆ ಅಡಿಪಾಯ ಹಾಕಿತು. ಪೀಣ್ಯವೂ ಅದೇ ದಶಕದಲ್ಲಿ ಸಣ್ಣ ಕೈಗಾರಿಕೆಗಳ ಬೀಡಾಗಿ ಬೆಳೆಯತೊಡಗಿ, ಏಷ್ಯಾಖಂಡದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂಬ ಹೆಸರು ಪಡೆಯಿತು.

ಈ ಮೂರು ನೆಲೆಗಳಿಗೂ ೨೦೨೦ನೆಯ ಇಸವಿಯಲ್ಲಿ ಒಂದೇ ವ್ಯಾಧಿ ಬಂದಿತು. ಅದರ ಬೆನ್ನಿಗೆ ಒಂದೇ ಆಜ್ಞೆಯೂ ಬಂದಿತು. ಮನೆಯಿಂದ ಹೊರಟವರೆಲ್ಲರೂ ಮೂಗುಬಾಯಿಗಳನ್ನು ಮುಚ್ಚಿಕೊಳ್ಳತಕ್ಕದ್ದು ಎಂಬುದೇ ಆ ಆಜ್ಞೆ. ಆದರೆ ಅದರ ಭಾರವು ಮೂರು ಕಡೆಯಲ್ಲಿಯೂ ಸಮನಾಗಿರಲಿಲ್ಲ. ಜನರು ಮಾಸ್ಕೆಂದು ಕರೆದ ಈ ಮುಖಗವುಸು ನಿಜವಾಗಿಯೂ ವೈರಾಣುಗಳ ಹರಡುವಿಕೆಯನ್ನು ತಗ್ಗಿಸುವುದೇ, ಇಲ್ಲವೆ ಇದೊಂದು ತೋರಿಕೆಯ ಆಚಾರವೇ ಎಂಬ ಚರ್ಚೆ ಅಂದಿನಿಂದ ಇಂದಿನವರೆಗೂ ಮುಗಿದಿಲ್ಲ. ಒಬ್ಬರು ಅದನ್ನು ಕವಚವೆಂದು ಹೊಗಳುವರು. ಇನ್ನೊಬ್ಬರು ವ್ಯರ್ಥವೆಂದು ತಳ್ಳಿಹಾಕುವರು. ಈ ವಸ್ತ್ರದ ಪೂರ್ವೋತ್ತರವನ್ನು ನೋಡಿದರೆ ಎರಡು ಮಾತುಗಳೂ ಅವಸರದವೆಂದು ತೋರುವುದು.

೨

ಬೆಂಗಳೂರಿಗೆ ಮಹಾಮಾರಿ ಹೊಸದಲ್ಲ. ೧೮೯೮ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಪ್ಲೇಗು ರೈಲುಮಾರ್ಗವಾಗಿ ನಗರವನ್ನು ಹೊಕ್ಕಿತು. ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವು ಮನೆಯಿಂದ ಮನೆಗೆ ನಡೆಯಿತು. ಜನರು ಬಾಗಿಲಿಗೆ ಬೀಗ ಹಾಕಿ ಊರ ಹೊರಗಿನ ಬಯಲುಗಳಲ್ಲಿ ಗುಡಿಸಲು ಹೂಡಿದರು. ಗಾಳಿ ಬೆಳಕುಗಳಿಗೆ ಎಡೆಯಿರುವಂತೆ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಬೆಳೆದುದು ಆ ಕಾಲದಲ್ಲಿಯೇ. ಆ ರೋಗಕ್ಕೆ ಜನ ಕಂಡುಕೊಂಡ ಮದ್ದು ದೂರ ಹೋಗುವುದು. ಗೆಡ್ಡೆ ಪ್ಲೇಗು ಇಲಿಗಳ ಮೈಮೇಲಿನ ಚಿಗಟಗಳಿಂದ ಹರಡತಕ್ಕುದಾದುದರಿಂದ ಮುಖ ಮುಚ್ಚಿಕೊಂಡು ಫಲವೂ ಇರುತ್ತಿರಲಿಲ್ಲ. ಆದಕಾರಣ ಬೆಂಗಳೂರಿನವರ ನೆನಪಿನಲ್ಲಿ ಉಳಿದುದು ಊರು ಬಿಟ್ಟ ಕಥೆಯೇ ಹೊರತು ಮುಖ ಮುಚ್ಚಿದ ಕಥೆಯಲ್ಲ.

ಮುಖಗವುಸಿನ ಹುಟ್ಟು ಬೇರೊಂದು ದೇಶದ್ದು. ಬ್ರೆಸ್ಲಾವ್ ನಗರದಲ್ಲಿ ಕಾರ್ಲ್ ಫ್ಲೂಗೆ ಎಂಬ ವಿದ್ವಾಂಸರು, ಮನುಷ್ಯನು ಸಾಧಾರಣವಾಗಿ ಮಾತನಾಡುವಾಗಲೂ ಬಾಯಿಂದ ಸಿಡಿಯುವ ಸಣ್ಣ ಹನಿಗಳಲ್ಲಿ ರೋಗಾಣುಗಳಿರುವುವೆಂದು ತೋರಿಸಿಕೊಟ್ಟರು. ಅದನ್ನು ಕಂಡು ಅದೇ ನಗರದ ಶಸ್ತ್ರವೈದ್ಯರಾದ ಯೊಹಾನ್ ಮಿಕುಲಿಚ್ ೧೮೯೭ರಲ್ಲಿ ತೆಳುಬಟ್ಟೆಯನ್ನು ಮುಖಕ್ಕೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ವೈದ್ಯರು ಆ ಬಟ್ಟೆಯನ್ನು ಕಟ್ಟಿಕೊಂಡುದು ತಮ್ಮ ರಕ್ಷಣೆಗಾಗಿ ಅಲ್ಲ. ಮೇಜಿನ ಮೇಲೆ ಮಲಗಿದ್ದ ರೋಗಿಯ ಗಾಯಕ್ಕೆ ತಮ್ಮ ಉಸಿರು ಸೋಕದಿರಲಿ ಎಂದು. ಮುಖಗವುಸು ಮೊದಲು ಹುಟ್ಟಿದುದೇ ಪರರ ಹಿತಕ್ಕಾಗಿ.

ಅದು ಆಸ್ಪತ್ರೆಯ ಹೊಸ್ತಿಲು ದಾಟಿ ಊರಿಗೆ ಬಂದುದು ಮಂಚೂರಿಯದಲ್ಲಿ. ೧೯೧೦-೧೧ರ ಚಳಿಗಾಲದಲ್ಲಿ ಅಲ್ಲಿ ಶ್ವಾಸಕೋಶದ ಪ್ಲೇಗು ಎದ್ದು ಸುಮಾರು ೬೦,೦೦೦ ಜನರನ್ನು ಬಲಿ ತೆಗೆದುಕೊಂಡಿತು. ಹಾರ್ಬಿನ್ ನಗರಕ್ಕೆ ಹೋದ ಡಾಕ್ಟರ್ ವು ಲಿಯೆನ್‌ ಟೆ ಎಂಬವರು ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದವರು. ಈ ರೋಗ ಇಲಿಯಿಂದಲ್ಲ, ರೋಗಿಯ ಉಸಿರಿನಿಂದಲೇ ಹರಡುತ್ತಿದೆಯೆಂದು ಅವರು ನಿಶ್ಚಯಿಸಿದರು. ಹತ್ತಿಯನ್ನು ತೆಳುಬಟ್ಟೆಯ ಪದರಗಳ ನಡುವೆ ಇಟ್ಟು, ತಲೆಯ ಹಿಂದೆ ಬಿಗಿಯಾಗಿ ಕಟ್ಟುವ ಮುಖಗವುಸನ್ನು ಮಾಡಿಸಿ ವೈದ್ಯರಿಗೂ ಶುಶ್ರೂಷಕರಿಗೂ ಹಂಚಿದರು. ಮೆನಿ ಎಂಬ ಹಿರಿಯ ಫ್ರೆಂಚ್ ವೈದ್ಯರೊಬ್ಬರು ಇದನ್ನು ಒಪ್ಪದೆ, ಬರಿಯ ಮುಖದಲ್ಲಿಯೇ ರೋಗಿಗಳನ್ನು ಪರೀಕ್ಷಿಸಿ, ಕೆಲವೇ ದಿನಗಳಲ್ಲಿ, ೧೯೧೧ರ ಜನವರಿಯಲ್ಲಿ, ಅದೇ ರೋಗದಿಂದ ಮೃತಪಟ್ಟರು. ಆ ಮೇಲೆ ಮುಖಗವುಸನ್ನು ಕುರಿತು ವಾದ ಮಾಡುವವರು ಅಲ್ಲಿ ಕಡಮೆಯಾದರು.

೧೯೧೮ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಲೋಕವನ್ನೇ ಸುತ್ತಿ, ಜೂನ್ ತಿಂಗಳಲ್ಲಿ ಮುಂಬಯಿಯನ್ನು ಸೇರಿ, ಅದೇ ವರ್ಷದ ಶರತ್ಕಾಲದಲ್ಲಿ ಕನ್ನಡ ನಾಡನ್ನೂ ಒಳಗೊಂಡು ಭಾರತದಲ್ಲಿ ಕೋಟಿಗೂ ಮೇಲ್ಪಟ್ಟು ಜನರನ್ನು ಕೊಂದಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆ ಅಕ್ಟೋಬರಿನಲ್ಲಿ ಎಲ್ಲರೂ ಮುಖಗವುಸು ಧರಿಸತಕ್ಕದ್ದೆಂದು ಶಾಸನವಾಯಿತು. ೧೯೧೯ರ ಜನವರಿಯಲ್ಲಿ ಅದಕ್ಕೆ ವಿರೋಧವಾಗಿ ಒಂದು ಸಂಘವೇ ಕಟ್ಟಲ್ಪಟ್ಟಿತು. ಕ್ಯಾಲಿಫೋರ್ನಿಯದ ಆರೋಗ್ಯಾಧಿಕಾರಿ ಕೆಲ್ಲಾಗ್ ಎಂಬವರು ೧೯೨೦ರಲ್ಲಿ ಪರೀಕ್ಷೆ ನಡೆಸಿ, ಜನರು ಕಟ್ಟಿಕೊಂಡಿದ್ದ ಸಡಿಲ ಬಟ್ಟೆಯಿಂದ ನಿರೀಕ್ಷಿಸಿದ ಫಲ ದೊರೆಯಲಿಲ್ಲವೆಂದು ಬರೆದರು. ಪದರ ಕಡಮೆಯಾದರೆ ಹನಿಗಳು ತೂರಿಹೋಗುವುವು. ಹೆಚ್ಚಾದರೆ ಉಸಿರು ಕಟ್ಟಿ ಗಾಳಿಯು ಬದಿಗಳಿಂದ ನುಸುಳುವುದು ಎಂಬುದು ಅವರು ಕಂಡ ತೊಡಕು. ರೋಗಕ್ಕೆ ವೈರಾಣುವೇ ಕಾರಣವೆಂಬುದು ಅಂದು ತಿಳಿದಿರಲಿಲ್ಲ. ಮನುಷ್ಯರ ಇನ್‌ಫ್ಲುಯೆಂಜಾ ವೈರಾಣುವನ್ನು ಬೇರ್ಪಡಿಸಿದುದು ೧೯೩೩ರಲ್ಲಿ. ಆದರೂ ಬಟ್ಟೆ, ಪದರ, ಅಂಚು ಎಂಬ ಮೂರು ಪ್ರಶ್ನೆಗಳು ಆಗಲೇ ಎದ್ದುನಿಂತಿದ್ದುವು. ನೂರು ವರ್ಷಗಳ ಬಳಿಕ ಅವಕ್ಕೆ ಬೆಂಗಳೂರಿನಲ್ಲಿಯೇ ಉತ್ತರದ ಒಂದು ಭಾಗ ದೊರೆಯಿತು.

೩

ಪೀಣ್ಯದ ಕೆಲಸಗಾರರಿಗೆ ಮುಖಗವುಸು ೨೦೨೦ರಲ್ಲಿ ಬಂದ ಹೊಸ ಪದಾರ್ಥವಲ್ಲ. ಲೋಹಕ್ಕೆ ಸಾಣೆ ಹಿಡಿಯುವಲ್ಲಿ, ಬಣ್ಣ ಸಿಂಪಡಿಸುವಲ್ಲಿ, ಪುಡಿಯ ಲೇಪ ಹಚ್ಚುವಲ್ಲಿ ಧೂಳು ಒಳಹೋಗದಂತೆ ಮೂಗಿಗೆ ಏನನ್ನಾದರೂ ಕಟ್ಟಿಕೊಳ್ಳುವುದು ಕೈಗಾರಿಕೆಯ ರೂಢಿ. ಇಂದು ಎಲ್ಲರ ಬಾಯಲ್ಲಿರುವ ಎನ್‌-೯೫ ಎಂಬ ಗವುಸೂ ಕಾರ್ಖಾನೆಯ ಕೂಸೇ. ಒಮ್ಮೆ ಬಳಸಿ ಬಿಸಾಡುವ ಧೂಳುಗವುಸು ಅಮೆರಿಕದಲ್ಲಿ ೧೯೭೨ರಲ್ಲಿ ಬಳಕೆಗೆ ಬಂದಿತು. ೧೯೯೫ರಲ್ಲಿ ಅಲ್ಲಿನ ಸರ್ಕಾರದ ಸಂಸ್ಥೆಯು ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳಲ್ಲಿ ನೂರಕ್ಕೆ ೯೫ನ್ನಾದರೂ ಹಿಡಿಯತಕ್ಕದ್ದೆಂದು ಮಟ್ಟ ಗೊತ್ತುಮಾಡಿದುದರಿಂದ ಆ ಹೆಸರು ನಿಂತಿತು. ಹೀಗೆ ಎರಡು ವಂಶಗಳುಂಟು. ಶಸ್ತ್ರವೈದ್ಯನ ಗವುಸು ತನ್ನ ಉಸಿರಿನಿಂದ ಇತರರನ್ನು ಕಾಯತಕ್ಕುದು. ಕಾರ್ಖಾನೆಯ ಗವುಸು ಹೊರಗಿನ ಗಾಳಿಯಿಂದ ತೊಟ್ಟವನನ್ನು ಕಾಯತಕ್ಕುದು. ೨೦೨೦ರಲ್ಲಿ ಈ ಎರಡೂ ವಂಶಗಳು ಒಂದೇ ಬೀದಿಯಲ್ಲಿ ಕೂಡಿಕೊಂಡುವು. ಜನರ ಗೊಂದಲಕ್ಕೆ ಇದೂ ಒಂದು ಕಾರಣ.

ಆ ವರ್ಷದ ಮಾರ್ಚ್ ೯ರಂದು ಕರ್ನಾಟಕದ ಮೊದಲ ಕೋವಿಡ್ ಪ್ರಕರಣ ಬೆಂಗಳೂರಿನಲ್ಲಿ ಪ್ರಕಟವಾಯಿತು; ರೋಗಿಯು ಅಮೆರಿಕದಿಂದ ಮರಳಿದ ಸಾಫ್ಟ್‌ವೇರ್ ಉದ್ಯೋಗಿ. ಮಾರ್ಚ್ ೧೨ರಂದು ಕಲಬುರಗಿಯ ವೃದ್ಧರೊಬ್ಬರ ಮರಣವು ಈ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯದೆಂದು ದೃಢಪಟ್ಟಿತು. ಮರುದಿನವೇ ಕೇಂದ್ರದ ದೂರಸಂಪರ್ಕ ಇಲಾಖೆಯು ಮನೆಯಿಂದಲೇ ಕೆಲಸ ಮಾಡುವುದಕ್ಕೆ ಅಡ್ಡಿಯಾಗಿದ್ದ ನಿಯಮಗಳನ್ನು ಸಡಿಲಿಸಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಸೌಧಗಳು ಕೆಲವೇ ದಿನಗಳಲ್ಲಿ ಬರಿದಾದುವು. ಕೆಲಸವು ಕಂಪ್ಯೂಟರಿನ ಜೊತೆಯಲ್ಲಿ ಮನೆಮನೆಗೆ ಹೋಯಿತು. ೧೮೯೮ರಲ್ಲಿ ಪೇಟೆಯವರು ಬಯಲಿಗೆ ಹೋದಂತೆ ಇವರು ಮನೆಯೊಳಕ್ಕೆ ಹೋದರು. ದೂರವಿರುವುದೆಂಬ ಹಳೆಯ ಮದ್ದೇ ಅವರಿಗೆ ದೊರೆಯಿತು.

ಪೀಣ್ಯಕ್ಕೆ ಆ ಮದ್ದು ದೊರೆಯುವಂತಿರಲಿಲ್ಲ. ಲೇತು ಯಂತ್ರವನ್ನು ಮನೆಗೆ ಹೊತ್ತುಕೊಂಡು ಹೋಗುವುದಕ್ಕಾಗುವುದಿಲ್ಲ. ಮಾರ್ಚ್ ೨೫ರಂದು ದೇಶಕ್ಕೆಲ್ಲ ಬೀಗಮುದ್ರೆ ಬಿದ್ದಾಗ ಯಂತ್ರಗಳು ನಿಂತುವು, ಕೂಲಿಯೂ ನಿಂತಿತು. ಮೇ ತಿಂಗಳಿಂದ ಹಂತಹಂತವಾಗಿ ಬಾಗಿಲು ತೆರೆದಾಗ ಕೆಲಸಗಾರರು ಮರಳಿ ಬಂದುದು ಅದೇ ಬಸ್ಸುಗಳಲ್ಲಿ, ಅದೇ ಸಾಲುಸಾಲು ಹೊಲಿಗೆ ಯಂತ್ರಗಳ ನಡುವೆಗೆ, ಸಂಜೆ ಲಗ್ಗೆರೆ ಹೆಗ್ಗನಹಳ್ಳಿಗಳ ಒಂದೆರಡು ಕೋಣೆಯ ವಠಾರದ ಮನೆಗಳಿಗೆ. ಗಾಜಿನ ಸೌಧಗಳ ಕಾವಲುಗಾರರಿಗೂ ಕಸಗುಡಿಸುವವರಿಗೂ ಊಟ ತಲುಪಿಸುವ ಹುಡುಗರಿಗೂ ಇದೇ ಪಾಡು. ಆರು ಅಡಿ ದೂರವಿರಬೇಕೆಂಬ ಉಪದೇಶ ಇವರಿಗೆ ಗೋಡೆಯ ಮೇಲಿನ ಬರಹವಾಗಿಯೇ ಉಳಿಯಿತು. ಅವರ ಕೈಗೆಟುಕುವಂತಿದ್ದ ರಕ್ಷೆ ಒಂದೇ, ಅದು ಮುಖಗವುಸು. ಆದುದರಿಂದಲೇ ಅದು ಫಲಕಾರಿಯೇ ಅಲ್ಲವೇ ಎಂಬುದು ಇವರ ಪಾಲಿಗೆ ಬರಿಯ ವಾದದ ವಿಷಯವಾಗಿರಲಿಲ್ಲ.

ಆಳುವವರ ಮಾತೂ ಮೊದಮೊದಲು ಸ್ಥಿರವಾಗಿರಲಿಲ್ಲ. ಆರೋಗ್ಯವಂತರಿಗೆ ಮುಖಗವುಸು ಬೇಡವೆಂದು ಮೊದಲ ತಿಂಗಳುಗಳಲ್ಲಿ ಸಾರಲಾಯಿತು. ವೈದ್ಯರಿಗೇ ಗವುಸುಗಳು ಸಾಲದಿದ್ದುದು ಅದಕ್ಕೆ ಒಂದು ಕಾರಣ. ರೋಗಲಕ್ಷಣವಿಲ್ಲದವರಿಂದಲೂ ರೋಗ ಹರಡುವುದೆಂದು ತಿಳಿದುಬಂದ ಮೇಲೆ ಏಪ್ರಿಲ್ ಆರಂಭದಲ್ಲಿ ಕೇಂದ್ರದ ಆರೋಗ್ಯ ಇಲಾಖೆಯು ಮನೆಯಲ್ಲಿ ಹೊಲಿದ ಗವುಸನ್ನು ಧರಿಸಬೇಕೆಂದು ಸಲಹೆ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯು ಜೂನ್ ೫ರಂದು ತನ್ನ ಸಲಹೆಯನ್ನು ತಿದ್ದಿಕೊಂಡಿತು. ಬೆಂಗಳೂರು ಮಹಾನಗರ ಪಾಲಿಕೆಯು ಮೇ ತಿಂಗಳ ಮೊದಲ ದಿನದಿಂದ ಗವುಸಿಲ್ಲದವರಿಗೆ ೧,೦೦೦ ರೂಪಾಯಿ ದಂಡವನ್ನು ವಿಧಿಸಿ, ದಿನಗಳೊಳಗಾಗಿಯೇ ಅದನ್ನು ೨೦೦ಕ್ಕೆ ಇಳಿಸಿತು. ಅಕ್ಟೋಬರಿನ ಆರಂಭದಲ್ಲಿ ಪಟ್ಟಣಗಳಲ್ಲಿ ಮತ್ತೆ ೧,೦೦೦ವಾಗಿ, ಜನರ ಆಕ್ಷೇಪದಿಂದ ೨೫೦ಕ್ಕೆ ಇಳಿಯಿತು. ಮಾರ್ಷಲ್ ಎಂಬ ಕಾವಲಿನವರನ್ನು ಕಂಡಾಗ ಗಲ್ಲದಿಂದ ಮೂಗಿಗೆ ಏರಿ, ಅವರು ಮರೆಯಾದೊಡನೆ ಮತ್ತೆ ಗಲ್ಲಕ್ಕಿಳಿಯುವ ಗವುಸುಗಳು ಬೀದಿಯ ಸಾಮಾನ್ಯ ನೋಟವಾದುವು.

ಭಯದ ಪ್ರಮಾಣವನ್ನು ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವು ತೋರಿಸಿತು. ಪೀಣ್ಯದಿಂದ ಮುಂದೆ ಇರುವ ಆ ವಿಶಾಲ ಮಂಟಪಗಳಲ್ಲಿ ೨೦೨೦ರ ಜುಲೈನಲ್ಲಿ ೧೦,೧೦೦ ಹಾಸಿಗೆಗಳ ಆರೈಕೆ ಕೇಂದ್ರವನ್ನು ಸಜ್ಜುಗೊಳಿಸಲಾಯಿತು. ಅದರ ಒಂದು ಭಾಗ ಮಾತ್ರ ಬಳಕೆಯಾಗಿ, ಸೆಪ್ಟೆಂಬರ್ ನಡುವಿನಲ್ಲಿ ಅದು ಮುಚ್ಚಿತು. ಮರುವರ್ಷದ ಎರಡನೆಯ ಅಲೆಯಲ್ಲಿ, ೨೦೨೧ರ ಮೇ ೫ರ ಒಂದೇ ದಿನ ಕರ್ನಾಟಕದಲ್ಲಿ ೫೦,೦೦೦ಕ್ಕೂ ಮೇಲ್ಪಟ್ಟು ಹೊಸ ರೋಗಿಗಳು ಕಂಡುಬಂದರು. ಮುಖಗವುಸಿನ ಆಜ್ಞೆ ಜಾರಿಯಲ್ಲಿದ್ದಾಗಲೇ ಇದು ನಡೆಯಿತೆಂಬುದನ್ನು ಮರೆಮಾಚತಕ್ಕದ್ದಲ್ಲ. ಗವುಸೊಂದೇ ಮಹಾಮಾರಿಯನ್ನು ನಿಲ್ಲಿಸಲಾರದು.

೪

ಹಾಗಾದರೆ ಅದು ಮಾಡುವುದಾದರೂ ಏನು? ವಿರೋಧಿಗಳ ಮುಖ್ಯ ಆಕ್ಷೇಪ ಇದು: ವೈರಾಣುವಿನ ಅಗಲ ಮೈಕ್ರಾನಿನ ಹತ್ತನೆಯ ಒಂದು ಭಾಗದಷ್ಟು, ಬಟ್ಟೆಯ ರಂಧ್ರ ಅದಕ್ಕಿಂತ ಎಷ್ಟೋ ದೊಡ್ಡದು, ಜರಡಿಯಲ್ಲಿ ಹಿಟ್ಟು ಇಳಿದಂತೆ ವೈರಾಣು ಇಳಿದುಹೋಗದೇ? ಇದು ಕೇಳುವುದಕ್ಕೆ ಸರಿಯೆನಿಸಿದರೂ ಎರಡು ಕಡೆ ತಪ್ಪುವುದು. ಮೊದಲನೆಯದಾಗಿ, ವೈರಾಣು ಒಂಟಿಯಾಗಿ ಹಾರುವುದಿಲ್ಲ. ಉಗುಳಿನ ಹನಿಗಳಲ್ಲಿಯೂ ಅವು ಒಣಗಿ ಉಳಿದ ಸೂಕ್ಷ್ಮ ಕಣಗಳಲ್ಲಿಯೂ ಸವಾರಿ ಮಾಡುವುದು. ಎರಡನೆಯದಾಗಿ, ಗವುಸು ಜರಡಿಯಂತೆ ಸೋಸುವುದಿಲ್ಲ. ಸೀಗೆಯ ಮೆಳೆಯಲ್ಲಿ ಸಂದುಗಳು ದೊಡ್ಡವಾದರೂ ಗಾಳಿಗೆ ಹಾರಿಬಂದ ಬೂರುಗದ ಅರಳೆ ಅಲ್ಲಿಯೇ ಸಿಕ್ಕಿಬೀಳುವಂತೆ, ಎಳೆಗಳ ನಡುವೆ ಅಂಕುಡೊಂಕಾಗಿ ನುಗ್ಗುವ ಕಣಗಳು ಎಳೆಗೆ ತಗುಲಿ ನಿಲ್ಲುವುವು. ಎಳೆಗಳಲ್ಲಿ ವಿದ್ಯುದಾವೇಶವಿದ್ದರೆ ಅವು ಕಣಗಳನ್ನು ಎಳೆದುಕೊಳ್ಳುವುವು.

ಈ ವಿದ್ಯುದಾವೇಶದ ಗುಣವನ್ನೇ ಹಿಡಿದು, ಪೀಣ್ಯದ ನೆರೆಯ ಜಾಲಹಳ್ಳಿಯಲ್ಲಿ ದ್ರವಸ್ಫಟಿಕಗಳ ಸಂಶೋಧನೆಗಾಗಿ ಹುಟ್ಟಿ ಬೆಳೆದ ನ್ಯಾನೋ ಮತ್ತು ಮೃದು ಪದಾರ್ಥ ವಿಜ್ಞಾನಗಳ ಕೇಂದ್ರವು ೨೦೨೦ರಲ್ಲಿ ಒಂದು ಅಗ್ಗದ ಗವುಸನ್ನು ಸೂಚಿಸಿತು. ಪಾಲಿಪ್ರೊಪಿಲೀನ್ ಬಟ್ಟೆಯ ಎರಡು ಪದರಗಳ ನಡುವೆ ನೈಲಾನಿನ ಒಂದು ಪದರ. ಪದರಗಳು ಒಂದಕ್ಕೊಂದು ಉಜ್ಜಿದಾಗ ವಿದ್ಯುದಾವೇಶ ತಾನಾಗಿಯೇ ಹುಟ್ಟುವುದು. ಹೊರಪದರಕ್ಕೆ ದಿನಸಿ ತರುವ ಬಟ್ಟೆಯಂತಹ ಚೀಲವೂ, ಒಳಪದರಕ್ಕೆ ಹಳೆಯ ಸೀರೆಯ ತುಂಡೂ ಸಾಕೆಂದು ಅವರು ತಿಳಿಸಿದರು. ಮಾತನಾಡುವಾಗ ಬಾಯಿಗೆ ತಗುಲದಂತೆ ಬಟ್ಟಲಿನಾಕಾರದ ಇನ್ನೊಂದು ಗವುಸನ್ನು ರಚಿಸಿ ಬೆಂಗಳೂರಿನ ಉಡುಪು ತಯಾರಕರಿಗೆ ಒಪ್ಪಿಸಿದರು. ನಗರದ ಹೊಲಿಗೆ ಕಾರ್ಖಾನೆಗಳು ಅಂಗಿಗಳನ್ನು ಬಿಟ್ಟು ಗವುಸುಗಳನ್ನೂ ವೈದ್ಯರ ಮೈಗವುಸುಗಳನ್ನೂ ಹೊಲಿದ ಕಾಲವದು.

ಅಲ್ಲಿಂದ ಕೆಲವೇ ಮೈಲಿಗಳ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲ್ಲಾಗರ ಹಳೆಯ ಪ್ರಶ್ನೆಗೆ ಪರೀಕ್ಷೆ ನಡೆಯಿತು. ಪ್ರೊಫೆಸರ್ ಸಪ್ತರ್ಷಿ ಬಸು ಅವರ ತಂಡವು ಸ್ಯಾನ್ ಡಿಯಾಗೊ, ಟೊರಾಂಟೊ ನಗರಗಳ ವಿದ್ವಾಂಸರೊಡನೆ ಸೇರಿ, ಕೆಮ್ಮಿನ ಹನಿಯನ್ನು ಹೋಲುವ ದ್ರವವನ್ನು ವೇಗವಾಗಿ ಗವುಸಿನ ಬಟ್ಟೆಗೆ ಚಿಮ್ಮಿಸಿ, ಅತಿವೇಗದ ಕ್ಯಾಮೆರಾದಿಂದ ಚಿತ್ರ ತೆಗೆಯಿತು. ೨೦೨೧ರ ಮಾರ್ಚ್‌ನಲ್ಲಿ ಪ್ರಕಟವಾದ ಫಲ ಹೀಗಿದ್ದಿತು. ಒಂದೇ ಪದರದ ಬಟ್ಟೆಯು ದೊಡ್ಡ ಹನಿಯ ದ್ರವದಲ್ಲಿ ನೂರಕ್ಕೆ ೩೦ರಷ್ಟನ್ನು ಮಾತ್ರ ತಡೆಯಿತು. ಅಷ್ಟೇ ಅಲ್ಲದೆ ಹನಿಯು ಬಟ್ಟೆಗೆ ಬಡಿದು ಒಡೆದು, ಗಾಳಿಯಲ್ಲಿ ಬಹಳ ಹೊತ್ತು ತೇಲಬಲ್ಲ ಮರಿಹನಿಗಳಾಯಿತು. ಎರಡು ಪದರವು ೯೧ರಷ್ಟನ್ನು ತಡೆಯಿತು. ಮೂರು ಪದರದ ಗವುಸಿನಿಂದಲೂ ಎನ್‌-೯೫ರಿಂದಲೂ ಹನಿಗಳು ಹೊರಬೀಳಲಿಲ್ಲವೆಂದೇ ಹೇಳಬಹುದು. ಮಾರ್ಷಲನ ಕಣ್ಣಿಗೆ ಮೂರೂ ಒಂದೇ. ಗಾಳಿಯ ಲೆಕ್ಕದಲ್ಲಿ ಅವು ಬೇರೆಬೇರೆ.

೫

ಪ್ರಯೋಗಶಾಲೆಯ ಮಾತು ಹಾಗಿರಲಿ. ಊರಿನಲ್ಲಿ ಏನಾಯಿತೆಂದು ಕೇಳುವುದು ನ್ಯಾಯವೇ. ಬಾಂಗ್ಲಾದೇಶದ ೬೦೦ ಹಳ್ಳಿಗಳಲ್ಲಿ, ಸುಮಾರು ೩,೪೨,೦೦೦ ವಯಸ್ಕರ ನಡುವೆ, ಚೀಟಿಯೆತ್ತಿದಂತೆ ಹಳ್ಳಿಗಳನ್ನು ಎರಡು ಪಾಲು ಮಾಡಿ ಒಂದು ಪ್ರಯೋಗ ನಡೆದು, ೨೦೨೧ರ ಕೊನೆಯಲ್ಲಿ ಪ್ರಕಟವಾಯಿತು. ಒಂದು ಪಾಲಿನ ಹಳ್ಳಿಗಳಲ್ಲಿ ಗವುಸುಗಳನ್ನು ಉಚಿತವಾಗಿ ಹಂಚಿ, ಊರಿನ ಹಿರಿಯರಿಂದ ಹೇಳಿಸಿ, ಬೀದಿಯಲ್ಲಿ ನಯವಾಗಿ ನೆನಪಿಸಲಾಯಿತು. ದಂಡವಿಲ್ಲದೆಯೇ ಸರಿಯಾಗಿ ಧರಿಸುವವರು ನೂರಕ್ಕೆ ೧೩ರಿಂದ ೪೨ಕ್ಕೆ ಏರಿದರು. ಅಲ್ಲಿ ಲಕ್ಷಣಸಹಿತವಾದ ಸೋಂಕು ನೂರಕ್ಕೆ ಸುಮಾರು ೯ರಷ್ಟು ತಗ್ಗಿತು. ಶಸ್ತ್ರವೈದ್ಯರ ಮಾದರಿಯ ಗವುಸು ಹಂಚಿದ ಹಳ್ಳಿಗಳಲ್ಲಿ ೧೧ರಷ್ಟು, ಅದರಲ್ಲಿಯೂ ೬೦ ವರ್ಷ ದಾಟಿದವರಲ್ಲಿ ೩೫ರಷ್ಟು. ಬರಿಯ ಬಟ್ಟೆಯ ಗವುಸಿನ ಫಲ ಅಷ್ಟು ಸ್ಪಷ್ಟವಾಗಲಿಲ್ಲ. ಅರ್ಧದಷ್ಟು ಜನರೂ ಧರಿಸದಿರುವಾಗ ದೊರೆತ ಫಲವಿದೆಂಬುದನ್ನು ನೆನೆಯತಕ್ಕದ್ದು.

ಇದಕ್ಕೆ ಪ್ರತಿಯಾಗಿ ಡೆನ್ಮಾರ್ಕ್ ದೇಶದ ಪ್ರಯೋಗವನ್ನು ಎತ್ತಿ ತೋರಿಸುವರು. ೨೦೨೦ರಲ್ಲಿ ಅಲ್ಲಿ ಸುಮಾರು ೬,೦೦೦ ಜನರಲ್ಲಿ ಗವುಸಿನವರಿಗೆ ನೂರಕ್ಕೆ ೧.೮, ಉಳಿದವರಿಗೆ ೨.೧ರಂತೆ ಸೋಂಕು ತಗುಲಿತು. ಈ ಅಂತರದಿಂದ ಖಚಿತವಾಗಿ ಏನನ್ನೂ ಹೇಳುವಂತಿರಲಿಲ್ಲ. ಆದರೆ ಆ ಪ್ರಯೋಗ ಕೇಳಿದುದು, ಸುತ್ತಲಿನವರು ಬರಿಯ ಮುಖದಲ್ಲಿರುವಾಗ ಗವುಸು ತೊಟ್ಟವನಿಗೆ ಎಷ್ಟು ರಕ್ಷಣೆ ಎಂಬುದನ್ನು ಮಾತ್ರ. ಅವನಿಂದ ಇತರರಿಗೆ ಆದ ರಕ್ಷಣೆಯನ್ನು ಅದು ಅಳೆಯಲಿಲ್ಲ. ೨೦೨೩ರ ಜನವರಿಯಲ್ಲಿ ಕಾಕ್ರೇನ್ ಸಂಸ್ಥೆಯು ಇಂತಹ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಪರಾಮರ್ಶಿಸಿದಾಗ, ಗವುಸು ನಿಷ್ಫಲವೆಂದು ಸಾಬೀತಾಯಿತೆಂದು ಹಲವರು ಸಾರಿದರು. ಹಾಗೆ ಅರ್ಥ ಮಾಡುವುದು ತಪ್ಪು, ಸಾಕ್ಷ್ಯವು ಎತ್ತಲೂ ನಿರ್ಣಾಯಕವಾಗಿಲ್ಲವೆಂದು ಆ ಸಂಸ್ಥೆಯ ಮುಖ್ಯ ಸಂಪಾದಕರೇ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಬೇಕಾಯಿತು. ಗವುಸು ಧರಿಸಿರೆಂದು ಹೇಳಿದವರೆಲ್ಲರೂ ಧರಿಸುವುದಿಲ್ಲ. ಧರಿಸಿದವರೂ ಸರಿಯಾಗಿ ಧರಿಸುವುದಿಲ್ಲ. ಔಷಧವನ್ನು ಅರ್ಧ ಕುಡಿದವರ ಲೆಕ್ಕದಿಂದ ಔಷಧದ ಪೂರ್ಣಗುಣವನ್ನು ನಿಶ್ಚಯಿಸಲಾಗದು.

ಗವುಸಿನಿಂದ ಕಷ್ಟಗಳೂ ಇಲ್ಲದಿಲ್ಲ. ಕುಲುಮೆಯ ಬಳಿ ಎಂಟು ಗಂಟೆ ನಿಂತವನಿಗೆ ಬೆವರಿನಲ್ಲಿ ತೊಯ್ದ ಗವುಸು ಉಸಿರಿಗೆ ಭಾರ. ತುಟಿಯ ಚಲನೆಯನ್ನು ನೋಡಿ ಮಾತು ತಿಳಿಯುವ ಕಿವುಡರಿಗೆ ಮುಚ್ಚಿದ ಬಾಯಿ ಮುಚ್ಚಿದ ಪುಸ್ತಕದಂತೆ. ಕಿಟಕಿಯಿಲ್ಲದ ಕೋಣೆಯಲ್ಲಿ ನೂರು ಜನರನ್ನು ಕೂಡಿಸಿ ಗವುಸೊಂದನ್ನೇ ನಂಬುವುದೂ ವಿವೇಕವಲ್ಲ. ಗಾಳಿಯಾಡುವ ಕಿಟಕಿ, ರೋಗ ಬಂದವನಿಗೆ ಸಂಬಳಸಹಿತವಾದ ರಜೆ, ಲಸಿಕೆ ಇವು ಗವುಸಿಗಿಂತ ಕಡಮೆಯವಲ್ಲ. ೨೫೦ ರೂಪಾಯಿ ದಂಡ ತೆರಬೇಕಾದ ಕೂಲಿಯವಳ ಕೈಗೆ ಮೂರು ಪದರದ ಒಳ್ಳೆಯ ಗವುಸನ್ನು ಕೊಟ್ಟಿದ್ದರೆ ಹೆಚ್ಚಿನ ಫಲವಾಗುತ್ತಿದ್ದಿತೆಂದು ಬಾಂಗ್ಲಾದೇಶದ ಹಳ್ಳಿಗಳ ಅನುಭವದಿಂದ ಊಹಿಸಬಹುದು.

ಇವೆಲ್ಲವನ್ನೂ ತೂಗಿ ನೋಡಿದರೆ ನಿಲ್ಲುವ ಮಾತು ಇಷ್ಟು. ಮುಖಗವುಸು ವೈರಾಣುಗಳ ಹರಡುವಿಕೆಯನ್ನು ನಿಲ್ಲಿಸುವುದಿಲ್ಲ, ತಗ್ಗಿಸುವುದು. ಎಷ್ಟು ತಗ್ಗಿಸುವುದೆಂಬುದು ಪದರಗಳ ಮೇಲೆಯೂ, ಅದು ಮುಖಕ್ಕೆ ಹೊಂದಿಕೊಂಡಿರುವುದರ ಮೇಲೆಯೂ, ಎಲ್ಲಕ್ಕೂ ಮಿಗಿಲಾಗಿ ಎದುರಿನವನೂ ಧರಿಸಿರುವುದರ ಮೇಲೆಯೂ ನಿಂತಿರುವುದು. ದೂರವಿರಬಲ್ಲವನಿಗೆ ಅದು ಒಂದು ಹೆಚ್ಚಿನ ಅನುಕೂಲ. ದೂರವಿರಲಾರದವನಿಗೆ ಅದೇ ಆಧಾರ. ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿ ಮನೆಯಲ್ಲಿ ಕುಳಿತು ಅದರ ಸಾಧಕಬಾಧಕಗಳನ್ನು ಚರ್ಚಿಸುತ್ತಿದ್ದಾಗ ಪೀಣ್ಯದ ಹೆಣ್ಣುಮಗಳು ಅದನ್ನು ಕಟ್ಟಿಕೊಂಡು ಬಸ್ಸು ಹತ್ತಬೇಕಾಗಿತ್ತು. ಅವಳ ಆರೋಗ್ಯವು ಅವಳ ಗವುಸಿಗಿಂತ ಪಕ್ಕದವನ ಗವುಸನ್ನೇ ಹೆಚ್ಚಾಗಿ ಅವಲಂಬಿಸಿದ್ದಿತು.

ಕರ್ನಾಟಕದಲ್ಲಿ ಈ ರೋಗದಿಂದ ಸತ್ತವರೆಂದು ಸರ್ಕಾರದ ಲೆಕ್ಕಕ್ಕೆ ಸೇರಿದವರೇ ೪೦,೦೦೦ಕ್ಕೂ ಹೆಚ್ಚು. ದಂಡದ ಆಜ್ಞೆಗಳು ಹಿಂದೆ ಸರಿದುವು; ಗಾಜಿನ ಸೌಧಗಳಿಗೆ ಜನರು ಮರಳಿದರು. ೨೦೨೩ರ ಡಿಸೆಂಬರಿನಲ್ಲಿ ರೋಗವು ಮತ್ತೊಮ್ಮೆ ತಲೆಯೆತ್ತಿದಾಗ ರಾಜ್ಯದ ಆರೋಗ್ಯಮಂತ್ರಿಗಳು ೬೦ ವರ್ಷ ದಾಟಿದವರು ಗವುಸು ಧರಿಸಬೇಕೆಂದು ಸೂಚಿಸಿದರು. ಆ ಸೂಚನೆಯನ್ನು ಮುದುಕರು ಪಾಲಿಸಿದರೆ ಸಾಲದು. ಮನೆಯಲ್ಲಿ ಅಜ್ಜ ಅಜ್ಜಿಯರಿರುವಾಗ ಕೆಮ್ಮು ನೆಗಡಿ ಬಂದ ಮೊಮ್ಮಕ್ಕಳೂ, ಜ್ವರವಿದ್ದೂ ಕೆಲಸಕ್ಕೆ ಹೋಗಲೇಬೇಕಾದ ಮಗನೂ ನಾಲ್ಕು ದಿನ ಬಾಯಿ ಮುಚ್ಚಿಕೊಂಡರೆ ಆ ಸೂಚನೆ ಪೂರ್ಣವಾಗುವುದು. ಬ್ರೆಸ್ಲಾವ್‌ನ ಶಸ್ತ್ರವೈದ್ಯರು ಮೊದಲ ದಿನ ಅದನ್ನು ಕಟ್ಟಿಕೊಂಡುದೂ ಎದುರಿಗೆ ಮಲಗಿದ್ದವನಿಗಾಗಿಯೇ.